ಜಾಲಿ ಕಟ್ಟಿಗೆಯ ಇದ್ದಿಲು: ಕಡಿಮೆ ಮರ, ಕಡಿಮೆ ಹೊಗೆ, ಸರಿಯಾದ ಕೂಲಿ

ಬಳ್ಳಾರಿ, ರಾಯಚೂರು, ಕೊಪ್ಪಳ, ಚಿತ್ರದುರ್ಗ, ಕೋಲಾರದ ಕಡೆ ಕೆರೆಯಂಗಳ, ಬೀಳು ಹೊಲ, ಹಳ್ಳದ ದಂಡೆ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಖಂಡದ ಕಡೆಯಿಂದ ಬಂದ ಈ ಗಿಡ ಬರದ ಊರುಗಳ ಒಲೆಗೆ ಕಟ್ಟಿಗೆ ಕೊಟ್ಟಿದೆ, ಬೇಸಿಗೆಯಲ್ಲಿ ಹೊಲದ ಕೂಲಿ ನಿಂತ ಮನೆಗಳಿಗೆ ಇದ್ದಿಲಿನ ದುಡ್ಡು ಕೊಟ್ಟಿದೆ, ಜೊತೆಗೆ ದನ ಮೇಯುವ ಹುಲ್ಲುಗಾವಲನ್ನೂ ನುಂಗಿದೆ. ಅದನ್ನು ಕಡಿದು ಇದ್ದಿಲು ಮಾಡುವುದರಲ್ಲಿ ತಪ್ಪಿಲ್ಲ. ಹಸಿ ಕಟ್ಟಿಗೆ ಒಟ್ಟಿದಾಗ, ಕಟ್ಟಿಗೆಗೆ ಮಣ್ಣು ಮುಚ್ಚಿ, ಗಾಳಿ ತಡೆದು ಸುಡುವ ಗೂಡು ಸೋರಿದಾಗ, ಜಾಲಿ ಸಾಲದೆ ಕಮರ, ದಿಂಡಿಗ, ಕಗ್ಗಲಿಯಂಥ ನಿಧಾನ ಬೆಳೆಯುವ ಮರಗಳಿಗೆ ಕೊಡಲಿ ಬಿದ್ದಾಗ, ಮುಂಗಡದ ಸಾಲಕ್ಕೆ ಇಡೀ ಸಂಸಾರ ಗೂಡಿನ ಬುಡದಲ್ಲೇ ಉಳಿದುಬಿಟ್ಟಾಗ ಹಾನಿ ಶುರುವಾಗುತ್ತದೆ. ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಚೀಲ ಇದ್ದಿಲಿಗೆ ಎಷ್ಟು ಕಟ್ಟಿಗೆ ಹೋಗುತ್ತದೆ ಎಂಬುದು ಇಳಿದರೆ ಉಳಿದ ಹಾನಿಯಲ್ಲಿ ಬಹುಪಾಲು ತಾನಾಗಿಯೇ ಇಳಿಯುತ್ತದೆ.

ಮೊದಲು ತೂಕದ ಲೆಕ್ಕ

ಅಡ್ಡಾದಿಡ್ಡಿ ಒಟ್ಟಿ ಮಣ್ಣು ಮುಚ್ಚಿದ ಗೂಡಿನಲ್ಲಿ 100 ಕೆ.ಜಿ. ಕಟ್ಟಿಗೆಗೆ 10ರಿಂದ 15 ಕೆ.ಜಿ. ಇದ್ದಿಲು ಸಿಗುತ್ತದೆ. ಅದೇ ಮಣ್ಣಿನ ಗೂಡನ್ನು ಒಣ ಕಟ್ಟಿಗೆಯಿಂದ, ತಳದಲ್ಲಿ ಗಾಳಿ ಆಡುವಂತೆ ಒಟ್ಟಿ, ಬದಿಗೊಂದು ಚಿಮಣಿ ಇಟ್ಟು, ರಾತ್ರಿ ಹಗಲು ಕಾಯ್ದರೆ 20ರಿಂದ 25 ಕೆ.ಜಿ.ವರೆಗೂ ತೆಗೆಯಬಹುದು. ಪಶ್ಚಿಮ ಆಫ್ರಿಕದ ಸೆನೆಗಲ್‌ನ ಕಾಸಮಾನ್ಸ್ ಸೀಮೆಯಲ್ಲಿ ರೂಪುಗೊಂಡ ಚಿಮಣಿ ಗೂಡು ಇಂಥದ್ದೇ. ಇಲ್ಲಿ ಹೇಳುವುದು ಅದರದೇ ಸಣ್ಣ ರೂಪ.

300 ಕೆ.ಜಿ. ಇದ್ದಿಲು, ಅಂದರೆ 30 ಕೆ.ಜಿ.ಯ ಹತ್ತು ಚೀಲ ಬೇಕೆಂದುಕೊಳ್ಳಿ. ನೂರಕ್ಕೆ 12 ಬರುವ ಗೂಡಿಗೆ ಎರಡೂವರೆ ಟನ್ ಕಟ್ಟಿಗೆ ಬೇಕು. ನೂರಕ್ಕೆ 20 ಬರುವ ಗೂಡಿಗೆ ಒಂದೂವರೆ ಟನ್ ಸಾಕು. ಒಂದೇ ಗೂಡಿಗೆ ಒಂದು ಟನ್ ಮರ ಉಳಿಯಿತು, ಅಷ್ಟನ್ನು ಕಡಿದು ಹೊರುವ ದುಡಿಮೆಯೂ ಉಳಿಯಿತು. ಆ ಒಂದು ಟನ್ ಹೊಗೆಯಾಗಿ ಹೋಗಿದ್ದರೆ ಅದರಲ್ಲಿ ಇಂಗಾಲದ ಮಾನಾಕ್ಸೈಡ್, ಟಾರು, ಮೀಥೇನ್ ಎಲ್ಲವೂ ಇರುತ್ತಿದ್ದವು. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಇದ್ದಿಲು ಉರಿಯುವಾಗ ಹೊಗೆ ಕಡಿಮೆ, ನಿಜ. ಆ ಹೊಗೆಯೆಲ್ಲ ಸುಡುವವರ ಊರಿನಲ್ಲೇ ಮೊದಲೇ ಹೊರಬಿದ್ದಿರುತ್ತದೆ. ಪೇಟೆಯ ಹೋಟೆಲಿನ ತಂದೂರಿಗೆ ಅದು ಕಾಣುವುದಿಲ್ಲ.

ಯಾವುದನ್ನು ಕಡಿಯುವುದು

ಬಳ್ಳಾರಿ ಜಾಲಿ ಮಾತ್ರ. ಗಟ್ಟಿ, ಭಾರದ ಮರ, ಇದ್ದಿಲೂ ಗಟ್ಟಿ. ಅದರ ನಡುವೆ ಬನ್ನಿ, ಕರಿಜಾಲಿ, ಹೊಂಗೆ, ಬೇವಿನ ಗಿಡಗಳಿದ್ದರೆ ಕಡಿಯುವ ಹಿಂದಿನ ದಿನವೇ ಸುಣ್ಣದ ಪಟ್ಟಿ ಬಳಿದು ಗುರುತು ಮಾಡಿ. ಕೂಲಿಗೆ ಬಂದವರಿಗೆ ಮುಳ್ಳಿನ ಪೊದೆಯೊಳಗೆ ಮರದಿಂದ ಮರಕ್ಕೆ ವ್ಯತ್ಯಾಸ ಕಾಣುವುದು ಕಷ್ಟ. ಕಮರ, ದಿಂಡಿಗ, ಕಗ್ಗಲಿಯ ಇದ್ದಿಲಿಗೆ ಹೆಚ್ಚು ಬೆಲೆ ಕೊಡುತ್ತೇನೆ ಎನ್ನುವ ವ್ಯಾಪಾರಿ ಎಲ್ಲ ಕಡೆ ಸಿಗುತ್ತಾನೆ. ಈ ಮರಗಳು ಒಣನಾಡಿನಲ್ಲಿ ದಪ್ಪವಾಗಲು ದಶಕಗಳು ಬೇಕು. ಒಂದು ಗೂಡಿಗೆ ಹೋದದ್ದು ಕಡಿದವರ ಆಯುಷ್ಯದಲ್ಲಿ ಮತ್ತೆ ಬಾರದು.

ಕಡಿಯುವ ಮುಂಚೆ ಏನು ಬೇಕೆಂದು ತೀರ್ಮಾನಿಸಿ. ಹೊಲ ಮತ್ತೆ ಉಳುಮೆಗೆ ಬರಬೇಕೆಂದರೆ ಜಾಲಿಯನ್ನು ಮೇಲೆ ಕಡಿದು ಬಿಡುವಂತಿಲ್ಲ. ಕಡಿದ ಬುಡದಿಂದ ಹತ್ತಾರು ಚಿಗುರು ಎದ್ದು ಮೊದಲಿಗಿಂತ ದಟ್ಟವಾಗುತ್ತದೆ. ಮಣ್ಣು ಬಿಡಿಸಿ, ನೆಲದಿಂದ ಮುಕ್ಕಾಲಡಿಯಿಂದ ಒಂದಡಿ ಕೆಳಗೆ ಬೇರನ್ನು ಕತ್ತರಿಸಬೇಕು. ಆ ಬೇರಿನ ಗಡ್ಡೆ ಒಳ್ಳೆಯ ಇದ್ದಿಲು ಕೊಡುತ್ತದೆ, ಮಣ್ಣು ಕೊಡವಿ ಬೇರೆಯಾಗಿ ಒಣಗಿಸಿ. ಜೆಸಿಬಿ ತಂದರೆ ಕಿತ್ತ ಗುಂಡಿಗಳನ್ನು ಅಂದೇ ಮುಚ್ಚಿಸಿಕೊಳ್ಳಿ. ಮುಂದಿನ ಎರಡು ಮಳೆಗಾಲ ಬೀಜದಿಂದ ಹುಟ್ಟುವ ಸಸಿಗಳನ್ನು ಕೈಯಲ್ಲೇ ಕೀಳಬೇಕು, ಇಲ್ಲವಾದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಬದಲಿಗೆ ಕಟ್ಟಿಗೆಗೆಂದೇ ತೋಪು ಇಟ್ಟುಕೊಳ್ಳುವುದಾದರೆ ಬುಡಕ್ಕೆ ಎರಡು ಮೂರು ನೆಟ್ಟನೆಯ ಚಿಗುರು ಉಳಿಸಿ ಉಳಿದವನ್ನು ಸವರಿ. ಮೂರರಿಂದ ಐದು ವರ್ಷಕ್ಕೆ ಮತ್ತೆ ಕಡಿಯಲು ಬರುತ್ತದೆ.

ಮಾಗಿದ ಕಾಯಿ ತೂಗುವ ಕೊಂಬೆಯನ್ನು ಊರ ತುಂಬ ಎಳೆದುಕೊಂಡು ಹೋಗಬೇಡಿ. ಕುರಿ, ಮೇಕೆ, ದನ ಕಾಯಿ ತಿಂದರೆ ಬೀಜ ಹಿಕ್ಕೆ, ಸಗಣಿಯಲ್ಲಿ ಜೀವಂತ ಹೊರಬಂದು ಹೊಸ ಕಡೆ ಹುಟ್ಟುತ್ತದೆ. ಕಾಯಿಯನ್ನು ಕಡಿದಲ್ಲೇ ಗುಡ್ಡೆ ಹಾಕಿ ಸುಡಿ.

ಇನ್ನೊಂದು ಮಾತು ಊರಿನ ಬಗ್ಗೆ. ಕೆರೆಯಂಗಳದ ಜಾಲಿಯನ್ನು ಪೂರ್ತಿ ಇದ್ದಿಲಿಗೆ ಹರಾಜು ಹಾಕಿದರೆ ದಿನಾ ಹೊರೆ ತಂದು ಒಲೆ ಉರಿಸುವ ಹೆಣ್ಣುಮಕ್ಕಳು ಇನ್ನಷ್ಟು ದೂರ ನಡೆಯಬೇಕಾಗುತ್ತದೆ. ಗ್ರಾಮಸಭೆಯಲ್ಲಿ ಒಂದು ಭಾಗವನ್ನು ಒಲೆ ಕಟ್ಟಿಗೆಗೆಂದು ಬಿಡಿಸಿ, ನಡಾವಳಿಯಲ್ಲಿ ಬರೆಸಿ. ಎರಡು ಬೆರಳು ದಪ್ಪಕ್ಕಿಂತ ಸಣ್ಣ ಪುಳ್ಳೆ ಹೇಗೂ ಗೂಡಿಗೆ ಹೆಚ್ಚು ಬೇಕಾಗುವುದಿಲ್ಲ, ಅದನ್ನು ಮನೆಗಳಿಗೆ ಬಿಟ್ಟುಕೊಡಿ.

ಕಾಗದಪತ್ರ

ಸ್ವಂತ ಹೊಲದ ಮರದಿಂದಲೇ ಮಾಡಿದ್ದರೂ ಇದ್ದಿಲು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅರಣ್ಯ ಉತ್ಪನ್ನ. ಮರ ಕಡಿಯುವುದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಕಡಿಯಲು ಅನುಮತಿ, ಸಾಗಿಸಲು ರಹದಾರಿ, ಇವು ನಿಮ್ಮ ಜಾಗಕ್ಕೆ ಹೇಗೆ ಅನ್ವಯಿಸುತ್ತವೆ ಎಂದು ವಲಯ ಅರಣ್ಯ ಕಚೇರಿಯಲ್ಲಿ ಅರ್ಜಿ ಕೊಟ್ಟು, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕೊಡಲಿ ಹಿಡಿಯುವ ಮುಂಚೆ ಇದಾಗಬೇಕು. ಕಾಗದವಿಲ್ಲದ ಲಾರಿ ದಾರಿಯಲ್ಲಿ ನಿಂತರೆ ವ್ಯಾಪಾರಿ ಆ ನಷ್ಟವನ್ನು ಸುಟ್ಟವರ ತಲೆಗೇ ಹಾಕುತ್ತಾನೆ.

ಒಣಗಿಸುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಲಾಭ ಕೊಡುವ, ಅತಿ ಕಡಿಮೆ ಜನ ಮಾಡುವ ಹಂತ ಇದು. ಹಸಿ ಜಾಲಿಯಲ್ಲಿ ತೂಕದ ಹತ್ತಿರ ಹತ್ತಿರ ಅರ್ಧ ನೀರು. ನೂರಕ್ಕೆ 45 ನೀರಿರುವ 1,000 ಕೆ.ಜಿ. ಕಟ್ಟಿಗೆಯನ್ನು ನೂರಕ್ಕೆ 20ಕ್ಕೆ ಒಣಗಿಸಿದರೆ ಸುಮಾರು 690 ಕೆ.ಜಿ. ಉಳಿಯುತ್ತದೆ. 300 ಲೀಟರಿಗೂ ಹೆಚ್ಚು ನೀರನ್ನು ಬಿಸಿಲು ಪುಕ್ಕಟೆಯಾಗಿ ತೆಗೆದಿರುತ್ತದೆ. ಹಸಿಯಾಗಿಯೇ ಒಟ್ಟಿದರೆ ಅಷ್ಟೂ ನೀರನ್ನು ಆವಿ ಮಾಡಲು ಗೂಡಿನೊಳಗಿನ ಒಳ್ಳೆಯ ಕಟ್ಟಿಗೆಯೇ ಉರಿದು ಬೂದಿಯಾಗಬೇಕು. ಸುಡುವ ದಿನಗಳೂ ಹೆಚ್ಚುತ್ತವೆ, ಹೊಗೆಯೂ ಹೆಚ್ಚುತ್ತದೆ.

ಎರಡರಿಂದ ಮೂರಡಿ ಉದ್ದಕ್ಕೆ ತುಂಡು ಮಾಡಿ. ಗೇಣಿಗಿಂತ ದಪ್ಪದ್ದನ್ನು ಸೀಳಿ. ಕೆಳಗೆ ಎರಡು ಅಡ್ಡ ಮರ ಇಟ್ಟು, ನೆಲಕ್ಕೆ ತಾಗದಂತೆ, ಒಂದು ಸಾಲು ಉದ್ದ ಒಂದು ಸಾಲು ಅಡ್ಡ ಜೋಡಿಸಿ. ಕಾರ್ತಿಕ, ಮಾರ್ಗಶಿರದಲ್ಲಿ ಕಡಿದದ್ದು ಸಂಕ್ರಾಂತಿ ಹೊತ್ತಿಗೆ ಒಣಗಿರುತ್ತದೆ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಸುಡಲು ಒಳ್ಳೆಯ ಕಾಲ. ಆಷಾಢದ ಗಾಳಿಯಲ್ಲಿ ಗೂಡು ಹಿಡಿತಕ್ಕೆ ಸಿಗುವುದಿಲ್ಲ.

ಒಣಗಿತೋ ಇಲ್ಲವೋ ತಿಳಿಯಲು ಮೂರು ತುಂಡಿಗೆ ಬಣ್ಣದ ದಾರ ಕಟ್ಟಿ, ವಾರಕ್ಕೊಮ್ಮೆ ತೂಗಿ ಬರೆದಿಡಿ. ಒಂದು ವಾರದಿಂದ ಇನ್ನೊಂದಕ್ಕೆ ತೂಕ ಇಳಿಯುವುದು ಬಹುತೇಕ ನಿಂತರೆ ಸಾಕು. ತುದಿಯಲ್ಲಿ ನಕ್ಷತ್ರದಂತೆ ಬಿರುಕು ಬಿಟ್ಟಿರುತ್ತದೆ, ಎರಡು ತುಂಡು ಬಡಿದರೆ ಠಣ್ ಎನ್ನುತ್ತದೆ. ಮಳೆಗಾಲದವರೆಗೂ ಬಿಟ್ಟರೆ ಕೊರೆಯುವ ಹುಳ ಹಿಡಿದು ತೂಕ ಹೋಗುತ್ತದೆ.

ಜಾಗ ಮತ್ತು ಮಣ್ಣು

ಮನೆಗಳಿಂದ ಕನಿಷ್ಠ 300 ಮೀಟರ್ ದೂರ, ಆ ಕಾಲದಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೋ ನೋಡಿ ಹೊಗೆ ಊರಿಗೆ, ಶಾಲೆಗೆ ಹೋಗದ ಕಡೆ ಜಾಗ ಹಿಡಿಯಿರಿ. ಸುತ್ತ ಮೂರು ಮೀಟರ್ ಹುಲ್ಲು ಕೆತ್ತಿ ಬೋಳು ಮಾಡಿ. ನಿಂತ ಮರ, ಬಣವೆ, ವಿದ್ಯುತ್ ತಂತಿ ಹತ್ತಿರ ಇರಕೂಡದು. ನೀರು ನಿಲ್ಲದ, ಸ್ವಲ್ಪ ಎತ್ತರದ ನೆಲ ಬೇಕು. ತಳದಲ್ಲಿ ತೇವ ಇದ್ದರೆ ಅಡಿಯ ಸಾಲು ಸುಡದೆ ಕೊಳ್ಳಿಯಾಗಿ ಉಳಿಯುತ್ತದೆ.

ಗೂಡು ಸುಟ್ಟ ಜಾಗದ ಮಣ್ಣು ಇಟ್ಟಿಗೆಯಾಗುತ್ತದೆ, ಅಲ್ಲಿನ ಬೀಜ ಸಾಯುತ್ತದೆ, ಬೂದಿಯಿಂದ ಕ್ಷಾರ ಏರುತ್ತದೆ. ಆದ್ದರಿಂದ ಹೊಸ ಹೊಸ ಕಡೆ ಒಟ್ಟದೆ ಒಂದೇ ಜಾಗವನ್ನು ಪ್ರತಿವರ್ಷ ಬಳಸಿ. ಮುಚ್ಚಲು ಸಹ ಹಳೆಯ ಗೂಡಿನ ಸುಟ್ಟ ಮಣ್ಣೇ ಎಲ್ಲಕ್ಕಿಂತ ಚೆನ್ನ. ಎರೆಮಣ್ಣು ಒಣಗಿದಾಗ ಬಿರುಕು ಬಿಟ್ಟು ಗಾಳಿ ಒಳಗೆ ನುಗ್ಗುತ್ತದೆ. ಬರೀ ಮರಳು ಸಂದಿಯಲ್ಲಿ ಜಾರಿ ಇದ್ದಿಲಿಗೆ ಬೆರೆಯುತ್ತದೆ. ಮರಳು ಮಿಶ್ರಿತ ಕೆಮ್ಮಣ್ಣು ಸರಿಹೊಂದುತ್ತದೆ.

ಗೂಡು ಒಟ್ಟುವುದು

ಒಂದೂವರೆ ಟನ್ ಒಣ ಕಟ್ಟಿಗೆಗೆ ಹತ್ತಡಿ ಅಡ್ಡಳತೆಯ ವೃತ್ತ, ನಡುವೆ ನಾಲ್ಕಡಿ ಎತ್ತರ. ತಳದಲ್ಲಿ ಮಣಿಕಟ್ಟಿನಷ್ಟು ದಪ್ಪದ ಕೊಂಬೆಗಳನ್ನು ನಡುವಿನಿಂದ ಅಂಚಿಗೆ, ಗಾಡಿ ಚಕ್ರದ ಅರೆಗಳಂತೆ ಇಡಿ. ಅದರ ಮೇಲೆ ಅಡ್ಡಡ್ಡ ಒಂದು ಸಾಲು ಹಾಸಿ. ಈ ಅಟ್ಟದ ಕೆಳಗೆ ಬಿಸಿ ಹೊಗೆ ಸುತ್ತಾಡಿದರೇ ಅಡಿಯ ಕಟ್ಟಿಗೆ ಸುಡುವುದು. ಇದನ್ನು ಬಿಟ್ಟು ನೆಲದ ಮೇಲೆಯೇ ಒಟ್ಟುವುದು ನಮ್ಮ ಕಡೆಯ ಗೂಡುಗಳ ದೊಡ್ಡ ದೋಷ.

ನಡುವೆ ಗೇಣಗಲದ ಬಾವಿಯಂತೆ ಜಾಗ ಬಿಟ್ಟು, ಅದರ ಸುತ್ತ ದಪ್ಪ ತುಂಡು, ಹೊರಗೆ ಹೋದಂತೆ ಸಣ್ಣದು ಬರುವಂತೆ ಒತ್ತೊತ್ತಾಗಿ ನಿಲ್ಲಿಸಿ. ಬಿಸಿ ನಡುವೆ ಹೆಚ್ಚು, ಹೊತ್ತೂ ಹೆಚ್ಚು, ಆದ್ದರಿಂದ ದಪ್ಪದ್ದು ಅಲ್ಲಿಗೆ. ಸಂದಿಗಳಿಗೆ ಪುಳ್ಳೆ ತುಂಬಿ. ಸಂದಿ ಬಿಟ್ಟಲ್ಲಿ ಗಾಳಿ ಸೇರುತ್ತದೆ, ಅಲ್ಲಿ ಇದ್ದಿಲಿನ ಬದಲು ಬೂದಿ ಸಿಗುತ್ತದೆ.

ಚಿಮಣಿಗೆ 15 ಕೆ.ಜಿ.ಯ ಎಣ್ಣೆ ಡಬ್ಬಗಳು ಸಾಕು. ಐದಾರು ಡಬ್ಬದ ತಳ, ಮೇಲ್ಭಾಗ ಕತ್ತರಿಸಿ, ಒಂದರ ಮೇಲೊಂದು ತಂತಿಯಿಂದ ಬಿಗಿದು, ಸಂದಿಗೆ ಮಣ್ಣು ಮೆತ್ತಿದರೆ ಆರಡಿ ಕೊಳವೆ ಆಗುತ್ತದೆ. ಗಾಳಿ ಬೀಸುವ ಕಡೆಗೆ ವಿರುದ್ಧ ಬದಿಯಲ್ಲಿ, ಗೂಡಿನ ಅಂಚಿಗೆ, ಅದರ ಬಾಯಿ ತಳದ ಅಟ್ಟಕ್ಕೆ ಕೂಡುವಂತೆ ನಿಲ್ಲಿಸಿ. ಮೇಲೆ ಹೊತ್ತಿದ ಬಿಸಿಯನ್ನು ಅದು ಕೆಳಕ್ಕೆ ಎಳೆದು ಗೂಡಿನ ತುಂಬ ಹರಡಿಸಿ ಹೊರಗೆ ಬಿಡುತ್ತದೆ.

ಮೊದಲು ನಾಲ್ಕರಿಂದ ಆರು ಅಂಗುಲ ಭತ್ತದ ಹುಲ್ಲು ಅಥವಾ ಹಸಿ ಸೊಪ್ಪಿನ ಹೊದಿಕೆ, ಅದರ ಮೇಲೆ ಆರಂಗುಲ ಮಣ್ಣು. ಬುಡದ ಸುತ್ತ ಮುಷ್ಟಿಗಾತ್ರದ ಎಂಟು ಕಿಂಡಿ ಬಿಡಿ. ನೆತ್ತಿಯ ಬಾವಿ ತೆರೆದೇ ಇರಲಿ.

ಬೆಂಕಿ, ಹೊಗೆ, ಕಾವಲು

ಬೆಳಗಿನ ಜಾವ, ಗಾಳಿ ಕಡಿಮೆ ಇರುವಾಗ, ಬಾವಿಗೆ ಒಣ ಪುಳ್ಳೆ ತುಂಬಿ ಮೇಲಿನಿಂದ ಕೆಂಡ ಹಾಕಿ. ಸೀಮೆಎಣ್ಣೆ, ಟೈರು, ಪ್ಲಾಸ್ಟಿಕ್ ಬೇಡ, ಅದರ ವಿಷ ನಿಮ್ಮ ಎದೆಗೇ ಹೋಗುತ್ತದೆ. ಅರ್ಧದಿಂದ ಒಂದು ಗಂಟೆಯಲ್ಲಿ ಬೆಂಕಿ ಚೆನ್ನಾಗಿ ಹಿಡಿದ ಮೇಲೆ ನೆತ್ತಿಯನ್ನು ಸೊಪ್ಪು, ಮಣ್ಣಿನಿಂದ ಮುಚ್ಚಿ. ಬೇಗ ಮುಚ್ಚಿದರೆ ಆರುತ್ತದೆ, ತಡವಾದರೆ ನಡುವಿನ ಕಟ್ಟಿಗೆ ಉರಿದುಹೋಗುತ್ತದೆ.

ಆಮೇಲೆ ಹೊಗೆಯೇ ದಾರಿ ತೋರಿಸುತ್ತದೆ. ಮೊದಮೊದಲು ದಟ್ಟ ಬಿಳಿ, ಕೈ ಹಿಡಿದರೆ ಒದ್ದೆ: ಇದು ನೀರು ಆರುತ್ತಿರುವ ಹಂತ. ಸುಮಾರು 280 ಡಿಗ್ರಿ ದಾಟಿದ ಮೇಲೆ ಕಟ್ಟಿಗೆ ತಾನೇ ಬಿಸಿ ಬಿಡಲು ಶುರುಮಾಡುತ್ತದೆ, ಹೊಗೆ ಹಳದಿಗೆ ತಿರುಗಿ ಕಣ್ಣು ಉರಿಸುತ್ತದೆ, ಚಿಮಣಿಯ ಬುಡದಲ್ಲಿ ಕಪ್ಪು ಟಾರು ಇಳಿಯುತ್ತದೆ. ಈ ಹಂತದಲ್ಲಿ ಕಿಂಡಿಗಳನ್ನು ಅರ್ಧ ಮುಚ್ಚಿ, ಒಳಗೆ ಗಾಳಿ ಹೆಚ್ಚು ಬೇಕಾಗಿಲ್ಲ. ಕೊನೆಗೆ ಹೊಗೆ ತೆಳುವಾಗಿ, ನೀಲಿಯಾಗಿ, ಬಹುತೇಕ ಕಾಣದಂತಾದರೆ ಆ ಬದಿ ಆಯಿತು. ಅಲ್ಲಿನ ಕಿಂಡಿಯನ್ನು ಪೂರ್ತಿ ಮುಚ್ಚಿ. ಹತ್ತಡಿಯ ಗೂಡಿಗೆ ಮೂರರಿಂದ ಐದು ದಿನ ಹಿಡಿಯುತ್ತದೆ.

ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಮೈಸೂರು ಕಬ್ಬಿಣ ಕಾರ್ಖಾನೆ ಇದ್ದಿಲಿನಿಂದಲೇ ಅದಿರು ಕರಗಿಸುತ್ತಿತ್ತು. ಅಲ್ಲಿ ಕಟ್ಟಿಗೆಯನ್ನು ಮುಚ್ಚಿದ ಉಕ್ಕಿನ ಪಾತ್ರೆಗಳಲ್ಲಿ ಕಾಯಿಸಿ ಹೊಗೆಯಿಂದ ಟಾರು, ಮರದ ಮದ್ಯಸಾರದಂಥವನ್ನು ಬಟ್ಟಿ ಇಳಿಸುತ್ತಿದ್ದರು. ಮಣ್ಣಿನ ಗೂಡಿನಲ್ಲಿ ಅದು ಸಾಧ್ಯವಿಲ್ಲ, ಚಿಮಣಿಯ ಬುಡದಲ್ಲಿ ಒಂದು ಡಬ್ಬ ಇಟ್ಟು ಟಾರು ಹಿಡಿದರೆ ಬೇಲಿಯ ಗೂಟಕ್ಕೆ ಬಳಿಯಲು ಆಗುತ್ತದೆ. ಹಳ್ಳಕ್ಕೆ ಮಾತ್ರ ಚೆಲ್ಲಬೇಡಿ, ಮೀನು ಸಾಯುತ್ತದೆ.

ಗೂಡು ಎಲ್ಲ ಕಡೆ ಸಮನಾಗಿ ಕುಗ್ಗಬೇಕು. ಒಂದೇ ಕಡೆ ತಗ್ಗು ಬಿದ್ದರೆ ಒಳಗೆ ಬೆಂಕಿ ಉರಿಯುತ್ತಿದೆ ಎಂದರ್ಥ. ಕೂಡಲೇ ಸೊಪ್ಪು ತುರುಕಿ ಮಣ್ಣು ಹಾಕಿ, ಗಾಳಿ ಬರುವ ಕಡೆಯ ಕಿಂಡಿ ಮುಚ್ಚಿ. ಗೂಡಿನ ಮೇಲೆ ಹತ್ತಬೇಡಿ. ಮೇಲ್ಮಣ್ಣು ಗಟ್ಟಿಯಾಗಿ ಕಂಡರೂ ಕೆಳಗೆ ಪೊಳ್ಳಾಗಿ ಕೆಂಡ ಇರುತ್ತದೆ, ಕಾಲು ಹೂತು ತೊಡೆವರೆಗೆ ಸುಟ್ಟುಕೊಳ್ಳುವುದು ಹೀಗೆಯೇ. ಉದ್ದ ಹಿಡಿಯ ಸಲಿಕೆಯಿಂದ ಬದಿಯಲ್ಲೇ ನಿಂತು ಮಣ್ಣು ಎಸೆಯಿರಿ. ಅನಿವಾರ್ಯವಾದರೆ ಏಣಿಯನ್ನು ಅಡ್ಡ ಮಲಗಿಸಿ ಅದರ ಮೇಲೆ ಹೋಗಿ.

ಕಾವಲಿಗೆ ಪಾಳಿ ಮಾಡಿಕೊಳ್ಳಿ. ಹೊಗೆ ಬೀಳುವ ಬದಿಯಲ್ಲಿ ಯಾರೂ ಮಲಗಬಾರದು, ಬಿಸಿಯ ಆಸೆಗೆ ಮಕ್ಕಳನ್ನು ಗೂಡಿನ ಪಕ್ಕ ಮಲಗಿಸುವುದಂತೂ ಬೇಡವೇ ಬೇಡ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ವಿಷದ ಗಾಳಿ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಅದು ನಿದ್ದೆಗೆಟ್ಟದ್ದಲ್ಲ. ಎದ್ದು ಒಳ್ಳೆಯ ಗಾಳಿಗೆ ಹೋಗಬೇಕು, ಎಚ್ಚರ ತಪ್ಪಿದವರನ್ನು ಆಸ್ಪತ್ರೆಗೆ ಸಾಗಿಸಬೇಕು. ಇದೇ ಕಾರಣಕ್ಕೆ ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಅಗ್ಗಿಷ್ಟಿಕೆ ಇಡಬಾರದು. ರೇಷ್ಮೆ ಹುಳುವಿನ ಮನೆಗೆ ಇದ್ದಿಲು ಒಯ್ಯುವವರಿಗೂ ಈ ಮಾತು ಹೇಳಿ ಕೊಡಿ.

ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಒಗೆದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಹೋಗಿ. ಅರಿಶಿನ, ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ. ಎರಡು ಡ್ರಮ್ ನೀರು ಮೊದಲ ದಿನದಿಂದಲೇ ಅಲ್ಲಿರಬೇಕು. ಜಾಲಿ ಮುಳ್ಳು ಚಪ್ಪಲಿಯನ್ನೂ ತೂರುತ್ತದೆ, ಒಳಗೆ ಮುರಿದರೆ ಕೀವಾಗುತ್ತದೆ. ಕಡಿಯುವಾಗ ದಪ್ಪ ಅಟ್ಟೆಯ ಬೂಟು, ಚರ್ಮದ ಕೈಗವಸು ಬೇಕೇ ಬೇಕು.

ಆರಿಸುವುದು, ಬಿಚ್ಚುವುದು

ಎಲ್ಲ ಕಿಂಡಿ, ಚಿಮಣಿಯ ತೂತು, ಕೂದಲೆಳೆ ಬಿರುಕೂ ಬಿಡದೆ ಮುಚ್ಚಿ, ಮೇಲೆ ಒದ್ದೆ ಮಣ್ಣು ಸವರಿ, ಎರಡು ಮೂರು ದಿನ ಮುಟ್ಟಬೇಡಿ. ಅಂಗೈ ಇಟ್ಟರೆ ಗೂಡು ತಣ್ಣಗಿರಬೇಕು. ವ್ಯಾಪಾರಿಯ ಲಾರಿ ಬಂದಿದೆ ಎಂದು ಬಿಸಿ ಗೂಡು ಬಿಚ್ಚಿದರೆ ಒಳ ನುಗ್ಗಿದ ಗಾಳಿಗೆ ಇಡೀ ರಾಶಿ ಧಗ್ಗನೆ ಹೊತ್ತುತ್ತದೆ.

ಬೆಳಕು ಹರಿಯುವ ಮುಂಚೆ ಬಿಚ್ಚಿ. ಬಿಸಿಲಲ್ಲಿ ಕಾಣದ ಕೆಂಡ ಕತ್ತಲಲ್ಲಿ ಕಣ್ಣಿಗೆ ಬೀಳುತ್ತದೆ. ಒಂದು ಬದಿಯಿಂದ ಸ್ವಲ್ಪ ಸ್ವಲ್ಪವೇ ಎಳೆದು ತೆಳ್ಳಗೆ ಹರಡಿ, ಕೆಂಡ ಕಂಡಲ್ಲಿ ಮಣ್ಣು ಹಾಕಿ. ನೀರು ಸುರಿದರೆ ಇದ್ದಿಲು ಪುಡಿಯಾಗುತ್ತದೆ, ತೂಕ ಹೆಚ್ಚಿ ವ್ಯಾಪಾರಿ ಕಡಿತ ಹಾಕುತ್ತಾನೆ. ಹೊಸ ಇದ್ದಿಲು ಗಾಳಿಯ ಆಮ್ಲಜನಕ ಹೀರಿ ತಾನೇ ಬಿಸಿಯಾಗುವ ಗುಣದ್ದು. 24 ಗಂಟೆ ಬಯಲಲ್ಲಿ ಬಿಟ್ಟು ಆಮೇಲೆ ಚೀಲ ತುಂಬಿ. ಲಾರಿಯಲ್ಲಿ ಬೆಂಕಿ ಬೀಳುವುದು ಈ ಒಂದು ದಿನ ಕಾಯದೆ ಇದ್ದದ್ದಕ್ಕೆ.

ಒಳ್ಳೆಯ ಇದ್ದಿಲು ಮುರಿದರೆ ಮುಖ ಹೊಳೆಯುತ್ತದೆ, ಬಡಿದರೆ ಲೋಹದ ಸದ್ದು ಬರುತ್ತದೆ. ಕಂದು ಬಣ್ಣ, ಹೆಚ್ಚು ತೂಕ ಇದ್ದರೆ ಅರೆಬೆಂದದ್ದು. ಅಂಥ ಕೊಳ್ಳಿಗಳನ್ನು ಆರಿಸಿ ಮುಂದಿನ ಗೂಡಿನ ನಡುವೆ ಹಾಕಿ. ತಳದಲ್ಲೇ ಕೊಳ್ಳಿ ಹೆಚ್ಚಿದ್ದರೆ ಅಟ್ಟ ಸರಿಯಾಗಿಲ್ಲ, ಒಂದು ಬದಿಯಲ್ಲಿ ಬೂದಿ ಹೆಚ್ಚಿದ್ದರೆ ಆ ಬದಿಯ ಕಿಂಡಿ ತಡವಾಗಿ ಮುಚ್ಚಿದ್ದೀರಿ.

ಕೂಲಿಯ ವಿಚಾರ

ಇದ್ದಿಲು ಸುಡುವವರನ್ನು ಬಡವರಾಗಿ ಇಡುವುದು ಬೆಂಕಿಗಿಂತ ಹೆಚ್ಚಾಗಿ ಮುಂಗಡ. ಮೇಸ್ತ್ರಿ ಮದುವೆಗೋ ಆಸ್ಪತ್ರೆಗೋ ದುಡ್ಡು ಕೊಟ್ಟು ಕುಟುಂಬವನ್ನು ದೂರದ ತೋಪಿಗೆ ಕರೆದೊಯ್ಯುತ್ತಾನೆ, ಚೀಲದ ಲೆಕ್ಕ ಅವನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಗಂಡ ಹೆಂಡತಿ ಇಬ್ಬರ ದುಡಿಮೆಗೂ ಸೇರಿಸಿ ಒಂದೇ ಕೂಲಿ ಕಟ್ಟಿ ಗಂಡನ ಕೈಗೆ ಕೊಡುವ ಕಡೆ, ಕಟ್ಟಿಗೆ ಹೊತ್ತ, ಮಣ್ಣು ಹಾಕಿದ, ರಾತ್ರಿ ಕಾಯ್ದ ಹೆಂಗಸಿನ ಹೆಸರೇ ಲೆಕ್ಕದಲ್ಲಿ ಬರುವುದಿಲ್ಲ. ಹೋಗುವ ಮುಂಚೆ ಮುಂಗಡ ಎಷ್ಟು, ಚೀಲಕ್ಕೆ ಎಷ್ಟು, ಚೀಲ ಎಂದರೆ ಎಷ್ಟು ಕೆ.ಜಿ. ಎಂದು ಇಬ್ಬರ ಹೆಸರಿನಲ್ಲೂ ಬರೆಸಿಕೊಳ್ಳಿ. ತೂಕ ನಿಮ್ಮ ಕಣ್ಣೆದುರು ಆಗಲಿ. ಪ್ರತಿ ಲೋಡಿನ ದಿನ, ಚೀಲ, ತೂಕವನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದು ಫೋನಿನಲ್ಲಿ ಫೋಟೋ ತೆಗೆದಿಡಿ.

ಸಾಲ ತೀರುವವರೆಗೆ ಬೇರೆ ಕಡೆ ಹೋಗಕೂಡದು, ಊರಿಗೂ ಹೋಗಕೂಡದು ಎಂದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಂಥ ಸಾಲ ತೀರಿಸಬೇಕಾಗಿಲ್ಲ, ಅದು ರದ್ದು. ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ದೂರು ಕೊಟ್ಟು ಬಿಡುಗಡೆ ಪ್ರಮಾಣಪತ್ರ ಕೇಳಿ. ಪುನರ್ವಸತಿಯ ಹಣಕ್ಕೆ ಆ ಕಾಗದ ಬೇಕು. ಗೂಡಿನಲ್ಲಿ ಮಕ್ಕಳು ದುಡಿಯುತ್ತಿದ್ದರೆ 1098ಕ್ಕೆ ಫೋನ್ ಮಾಡಬಹುದು. ಐದಾರು ಮನೆಗಳು ಸೇರಿ ಸ್ವಸಹಾಯ ಸಂಘದಿಂದ ಸಾಲ ತೆಗೆದು, ಕುಲುಮೆ, ಇಸ್ತ್ರಿ ಅಂಗಡಿ, ಹೋಟೆಲಿಗೆ ನೇರವಾಗಿ ಮಾರಿದರೆ ಮುಂಗಡದ ಅಗತ್ಯವೇ ತಪ್ಪುತ್ತದೆ.

ಪುಡಿಯನ್ನು ಬಿಸಾಡಬೇಡಿ

ಬಿಚ್ಚಿ, ಜರಡಿ ಹಿಡಿದ ಮೇಲೆ ನೂರಕ್ಕೆ ಹತ್ತಕ್ಕೂ ಹೆಚ್ಚು ಪುಡಿ ಉಳಿಯಬಹುದು. ಅದನ್ನು ಉಂಡೆ ಕಟ್ಟಿದರೆ ಮನೆಯ ಒಲೆಗೆ, ಬಿಸಿನೀರಿಗೆ ಆಗುತ್ತದೆ. 10 ಕೆ.ಜಿ. ಪುಡಿಗೆ ಅರ್ಧ ಕೆ.ಜಿ. ಮರಗೆಣಸಿನ ಹಿಟ್ಟು ಅಥವಾ ಮೈದಾ ಸಾಕು. ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿ, ನಾಲ್ಕು ಲೀಟರ್ ಕುದಿಯುವ ನೀರಿಗೆ ಹಾಕಿ ಗಂಜಿ ಮಾಡಿ, ಪುಡಿಗೆ ಕಲಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಬರಬಾರದು. ಮೂರು ನಾಲ್ಕು ದಿನ ಬಿಸಿಲಲ್ಲಿ ಒಣಗಿಸಿ. ಮಣ್ಣು ಬೆರೆತ ಪುಡಿಯಾದರೆ ಬೂದಿ ಹೆಚ್ಚುತ್ತದೆ, ಅದನ್ನು ಉಂಡೆಗೆ ಬಳಸದೆ ಗೊಬ್ಬರದ ಗುಂಡಿಗೆ ಹಾಕಿ.

ರಾಯಚೂರು, ಕಲಬುರಗಿ ಕಡೆ ಸುಗ್ಗಿಯಾದ ಮೇಲೆ ಹೊಲದಲ್ಲೇ ಸುಟ್ಟುಬಿಡುವ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಯನ್ನೂ 200 ಲೀಟರ್ ಡ್ರಮ್ಮಿನಲ್ಲಿ ಸುಟ್ಟು ಇದೇ ಉಂಡೆ ಮಾಡಬಹುದು. ತಳದಲ್ಲಿ ಎಂಟು ಹತ್ತು ತೂತು ಕೊರೆದು, ಮೂರು ಕಲ್ಲಿನ ಮೇಲೆ ನಿಲ್ಲಿಸಿ, ಸ್ವಲ್ಪ ಹಾಕಿ ಹೊತ್ತಿಸಿ, ಜ್ವಾಲೆ ಇಳಿದಂತೆ ಮತ್ತೆ ಮತ್ತೆ ತುಂಬುತ್ತ ಹೋಗಿ. ತುಂಬಿದ ಮೇಲೆ ಕಲ್ಲು ಸರಿಸಿ ಬುಡಕ್ಕೆ ಮಣ್ಣು ಏರಿಸಿ, ಮುಚ್ಚಳ ಹಾಕಿ ಅಂಚಿಗೆ ಕೆಸರು ಮೆತ್ತಿ. ಮರುದಿನ ಬೆಳಿಗ್ಗೆ ತೆಗೆಯಬಹುದು.